ಇಂಪಲ್ಸ್: ಪದದ ಮೂಲ, ಹಲವು ಭಾಷೆಗಳ ಅರ್ಥ ಮತ್ತು ನಮ್ಮ 'ಸಂವೇಗ'



ಇಂಪಲ್ಸ್ ಎಂಬ ಇಂಗ್ಲಿಷ್ ಪದ ನಮ್ಮ ಮನೆಮಾತಿನೊಳಗೆ ಬಂದು ಬಹಳ ಕಾಲವಾಯಿತು. ಅಂಗಡಿಗೆ ಬರುವ ಕಂಪನಿಗಳ ಸೇಲ್ಸ್‌ಮನ್‌ಗಳು ಗಲ್ಲಾದ ಪಕ್ಕ ಇಡುವ ಚಾಕಲೇಟು, ಪೆಪ್ಪರಮಿಂಟು, ಸಣ್ಣ ಪೊಟ್ಟಣಗಳಿಗೆ 'ಇಂಪಲ್ಸ್ ಐಟಂ' ಎನ್ನುತ್ತಾರೆ. ಡಾಕ್ಟರನ್ನು ಕೇಳಿದರೆ ನರದಲ್ಲಿ ಹರಿಯುವುದು ಇಂಪಲ್ಸ್. ಹೈಸ್ಕೂಲು ಮಕ್ಕಳ ಭೌತಶಾಸ್ತ್ರದಲ್ಲಿ ಅದಕ್ಕೊಂದು ಸೂತ್ರವೇ ಇದೆ. ಸಂಬಂಧ ವಿಚಾರಿಸುವಾಗಲೂ 'ಹುಡುಗ ಒಳ್ಳೆಯವನೇ, ಸ್ವಲ್ಪ ಇಂಪಲ್ಸಿವ್' ಎಂಬ ಮಾತು ಈಗ ಕೇಳಿಬರುತ್ತದೆ.

ಇದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ನಿಘಂಟು ತೆರೆದರೆ ಪ್ರಚೋದನೆ, ಪ್ರೇರಣೆ, ಆವೇಗ, ಉದ್ವೇಗ, ಆವೇಶ, ತುಡಿತ ಎಂದು ಸಾಲಾಗಿ ಸಿಗುತ್ತವೆ. ಒಂದರ ಬದಲು ಇನ್ನೊಂದನ್ನು ಇಟ್ಟರೂ ನಡೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಈ ಪದಗಳ ಒಡಹುಟ್ಟಾದ ಇನ್ನೊಂದು ಪದ ನಮ್ಮ ಶಾಸ್ತ್ರಗಳಲ್ಲಿದೆ. ಅದೇ ಸಂವೇಗ. ಷೋಡಶಕಾರಣ ಭಾವನೆಗಳಲ್ಲಿ ಅದು ಐದನೆಯದು, ದೋಷವಲ್ಲ, ಗುಣ. ಅದೇ ಸಂವೇಗ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೂ ಇದೆ, ಬೇರೆಯೇ ಅರ್ಥದಲ್ಲಿ. ಪಾಠಶಾಲೆಯ ಮಕ್ಕಳು ಎರಡನ್ನೂ ಓದಿ 'ಯಾವುದು ಸರಿ?' ಎಂದು ಕೇಳುತ್ತಾರೆ. ಪದದ ಮೂಲ ತಿಳಿದರೆ ಎರಡೂ ಸರಿ ಎಂದು ಧೈರ್ಯವಾಗಿ ಉತ್ತರ ಕೊಡಬಹುದು.

ತಳ್ಳುವ ಪದಗಳು

ಇಂಪಲ್ಸ್ ಹುಟ್ಟಿದ್ದು ಲ್ಯಾಟಿನ್ ಭಾಷೆಯಲ್ಲಿ. ಅಲ್ಲಿ 'ಪೆಲ್ಲೆರೆ' ಎಂದರೆ ತಳ್ಳು, ನೂಕು. ಅದಕ್ಕೆ 'ಇನ್' ಎಂಬ ಉಪಸರ್ಗ ಸೇರಿ 'ಇಂಪೆಲ್ಲೆರೆ', ಅದರಿಂದ 'ಇಂಪಲ್ಸಸ್'. ಅಂದರೆ ಒಂದು ವಸ್ತುವಿನ ಮೇಲೆ ಬಿದ್ದ ನೂಕು. ಈ ಮನೆತನ ದೊಡ್ಡದು. ದೋಣಿಯನ್ನು ಮುಂದಕ್ಕೆ ತಳ್ಳುವ ಪ್ರೊಪೆಲ್ಲರ್, ಶಾಲೆಯಿಂದ ಹೊರಗೆ ತಳ್ಳುವ ಎಕ್ಸ್‌ಪೆಲ್, ತಪ್ಪಿಸಿಕೊಳ್ಳಲಾಗದ ಕಂಪಲ್ಸರಿ, ವೈದ್ಯರು ಕೈಹಿಡಿದು ನೋಡುವ ಪಲ್ಸ್ ಎಲ್ಲವೂ ಇದರ ಮಕ್ಕಳೇ. ಬ್ಯಾಂಕಿನ ಬಾಗಿಲ ಮೇಲೆ ಬರೆದಿರುವ 'ಪುಶ್' ಕೂಡ ಇದೇ ಮೂಲದಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು. ನಾವು ಮಾರುವ 'ಪಲ್ಸಸ್' ಮಾತ್ರ ಈ ಮನೆಯದಲ್ಲ. ಬೇಳೆಕಾಳಿನ ಆ ಹೆಸರು ಗಂಜಿ ಎಂಬರ್ಥದ ಬೇರೆ ಲ್ಯಾಟಿನ್ ಪದದಿಂದ ಬಂದಿದೆ.

ಅರಬ್ಬಿಯಲ್ಲೂ ಯೋಚನೆ ಇದೇ ಬಗೆಯದು. ಅಲ್ಲಿ ದ-ಫ-ಅ ಎಂಬ ಮೂರು ಅಕ್ಷರಗಳ ಧಾತುವಿಗೆ ತಳ್ಳು ಎಂದರ್ಥ. ಮನಸ್ಸನ್ನು ಒಂದು ಕೆಲಸಕ್ಕೆ ತಳ್ಳುವುದು 'ದಾಫಿ'. ಯೋಚಿಸದೆ ಮುನ್ನುಗ್ಗುವುದು 'ಇಂದಿಫಾ'. ಒಂದು ಸಲದ ನೂಕು 'ದಫಾ'. ಈ ಕೊನೆಯ ಪದ ನಮಗೇನೂ ಹೊಸದಲ್ಲ. 'ಮೂರು ದಫಾ ಹೇಳಿ ಕಳಿಸಿದೆ', 'ಬಾಕಿಯನ್ನು ಎರಡು ದಫಾದಲ್ಲಿ ತೀರಿಸಿದರು' ಎಂದು ಮಂಡಿಯಲ್ಲಿ ದಿನವೂ ಆಡುತ್ತೇವೆ. ಅರಬ್ಬಿಯಲ್ಲೇ ಅದಕ್ಕೆ ಹಣದ ಕಂತು ಎಂಬ ಅರ್ಥವೂ ಉಂಟು.

ಜರ್ಮನ್ನರ 'ಟ್ರೀಬ್' ದನ ಅಟ್ಟುವುದರಿಂದ ಬಂದದ್ದು. ಹಿಂದಿನಿಂದ ಅಟ್ಟಿಸಿಕೊಂಡು ಹೋಗುವ ಬಯಕೆ ಎಂಬ ಭಾವ. ಮನೋವೈದ್ಯ ಸಿಗ್ಮಂಡ್ ಫ್ರಾಯ್ಡ್ ತನ್ನ ಸಿದ್ಧಾಂತದಲ್ಲಿ ಬಳಸಿದ್ದು ಈ ಪದವನ್ನೇ. ಇಂಗ್ಲಿಷಿಗೆ ಹೋದಾಗ ಅದು 'ಇನ್‌ಸ್ಟಿಂಕ್ಟ್' ಆಯಿತು. ಹುಟ್ಟುಗುಣವೇ ಬೇರೆ, ಒಳಗಿನಿಂದ ಅಟ್ಟುವ ಒತ್ತಡವೇ ಬೇರೆ ಎಂದು ಮುಂದೆ ವಿದ್ವಾಂಸರು ತಕರಾರು ತೆಗೆದರು. ಒಂದು ಪದದ ಅನುವಾದ ಸ್ವಲ್ಪ ಪಕ್ಕಕ್ಕೆ ಸರಿದರೆ ಒಂದು ಶಾಸ್ತ್ರವನ್ನೇ ಬೇರೆ ರೀತಿ ಓದುವಂತಾಗುತ್ತದೆ. ಚೀನೀ ಭಾಷೆಯಲ್ಲಿ ನುಗ್ಗು ಮತ್ತು ಚಲಿಸು ಎಂಬ ಎರಡು ಅಕ್ಷರಗಳನ್ನು ಸೇರಿಸಿ ಇದಕ್ಕೆ ಪದ ಮಾಡಿದ್ದಾರೆ. ಅದೇ ಅಕ್ಷರಗಳನ್ನು ಜಪಾನಿನವರು 'ಶೋದೋ' ಎಂದು ಓದುತ್ತಾರೆ. ಅಂಗಡಿಯಲ್ಲಿ ಕಂಡ ತಕ್ಷಣ ಕೊಳ್ಳುವುದಕ್ಕೆ ಅವರಲ್ಲಿ 'ಶೋದೋಗಾಯಿ' ಎಂಬ ಒಂದೇ ಪದವಿದೆ. ತಮಿಳಿನ 'ಉಂದುದಲ್' ಕೂಡ ನೂಕುವುದೇ.

ಗ್ರೀಕರದು ಸ್ವಲ್ಪ ಬೇರೆ. ಅವರ 'ಹೊರ್ಮೆ' ಎಂದರೆ ಹೊರಡುವಿಕೆ, ಚಲನೆಗೆ ತೊಡಗುವುದು. ಆ ಕ್ರಿಯಾಪದದಿಂದಲೇ 1905ರಲ್ಲಿ ಲಂಡನ್ನಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 'ಹಾರ್ಮೋನ್' ಎಂಬ ಹೆಸರನ್ನು ಬಳಕೆಗೆ ತಂದರು. ಸ್ಟೋಯಿಕ್ ಎಂಬ ಗ್ರೀಕ್ ತತ್ತ್ವಪಂಥದವರು ಈ ಹೊರ್ಮೆಯನ್ನು ಬಹಳ ವಿಚಾರ ಮಾಡಿದ್ದಾರೆ. ಮೊದಲು ಮನಸ್ಸಿಗೆ ಒಂದು ತೋರಿಕೆ ಬರುತ್ತದೆ, ಆಮೇಲೆ ನಾವು ಅದಕ್ಕೆ ಒಪ್ಪಿಗೆ ಕೊಡುತ್ತೇವೆ, ಅನಂತರವೇ ಹೊರ್ಮೆ ಹುಟ್ಟುತ್ತದೆ ಎಂದು ಅವರ ಮತ. ಕ್ರಿಸಿಪ್ಪಸ್ ಎಂಬ ಅವರ ಆಚಾರ್ಯ ಕೊಟ್ಟ ಉದಾಹರಣೆ ಚೆನ್ನಾಗಿದೆ. ನಡೆಯುವವನು ಬೇಕೆಂದಾಗ ನಿಲ್ಲಬಲ್ಲ. ಓಡುವವನು ನಿಲ್ಲಬೇಕೆಂದರೂ ಕಾಲು ಅವನನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಎಳೆದೊಯ್ಯುತ್ತದೆ. ಕೋಪ, ಭಯ, ಅತಿಯಾಸೆ ಎಲ್ಲ ಓಡುವ ಕಾಲಿನಂತೆ ಎಂದು ಅವನ ಅಭಿಪ್ರಾಯ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮುನಿಗಳ ಈರ್ಯಾಸಮಿತಿ. ಆ ನೆನಪು ಕೇವಲ ಆಕಸ್ಮಿಕವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮ ಧಾತುಗಳು

ಸಂಸ್ಕೃತದಲ್ಲಿ ತಳ್ಳುವುದಕ್ಕೆ 'ನುದ್' ಎಂಬ ಧಾತು ಇದೆ. ವೈಶೇಷಿಕ ದರ್ಶನದವರು ಒಂದು ವಸ್ತುವಿಗೆ ಚಲನೆ ಹೇಗೆ ಬರುತ್ತದೆ ಎಂದು ವಿಚಾರಿಸುವಾಗ ಒತ್ತಿ ತಳ್ಳುವುದಕ್ಕೆ ನೋದನ, ಹೊಡೆತಕ್ಕೆ ಅಭಿಘಾತ ಎಂದು ಬೇರೆಬೇರೆ ಹೆಸರಿಟ್ಟರು. ಇದೇ ಧಾತುವಿನಿಂದ ವಿನೋದ ಬಂದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಬೇಸರವನ್ನು ದೂರ ತಳ್ಳುವುದು ವಿನೋದ.

'ಚುದ್' ಎಂಬುದು ಇನ್ನೊಂದು ಧಾತು. ಚುರುಕುಗೊಳಿಸು, ಮುಂದಕ್ಕೆ ಹೂಡು ಎಂದರ್ಥ. ಪ್ರಚೋದನೆ ಇದರಿಂದ ಆದದ್ದು. ಗಾಯತ್ರೀ ಮಂತ್ರದ ಕೊನೆಯ ಪದವೂ ಇದರದೇ. ಅಲ್ಲಿ ಬುದ್ಧಿಯನ್ನು ಬೆಳಗಿನ ಕಡೆ ನಡೆಸು ಎಂಬ ಪ್ರಾರ್ಥನೆ. ಆದರೆ ಇಂದಿನ ಪತ್ರಿಕೆಗಳಲ್ಲಿ 'ಪ್ರಚೋದನಕಾರಿ ಭಾಷಣ' ಎಂದರೆ ಕೇಸು ಬೀಳುವ ಭಾಷಣ. ಸಾವಿರಾರು ವರ್ಷಗಳಲ್ಲಿ ಆ ಪದ ದೇವಾಲಯದಿಂದ ಠಾಣೆಗೆ ಬಂದಿದೆ. ಆದ್ದರಿಂದ ಒಳ್ಳೆಯ ಮಾತಿಗೆ ಈಗ ಪ್ರೇರಣೆ ಎನ್ನುವುದೇ ರೂಢಿ.

ಪ್ರೇರಣೆಯ ಧಾತು 'ಈರ್', ಚಲಿಸು ಎಂದರ್ಥ. ಸಮೀರ ಎಂದರೆ ಗಾಳಿ, ಅದೂ ಇದರಿಂದಲೇ. ಈರ್ಯಾ ಎಂದರೆ ನಡೆ, ಓಡಾಟ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಾ, ಒಂದು ಇರುವೆಗೂ ನೋವಾಗದಂತೆ ಹೆಜ್ಜೆ ಇಡುವುದು ಈರ್ಯಾಸಮಿತಿ. ಹಾಗಾಗಿ ಪ್ರೇರಣೆ ಮತ್ತು ಈರ್ಯಾಸಮಿತಿ ಒಂದೇ ಬೇರಿನ ಎರಡು ಕೊಂಬೆಗಳು. ಒಂದು ಚಲನೆಗೆ ತೊಡಗಿಸುತ್ತದೆ, ಇನ್ನೊಂದು ಆ ಚಲನೆಗೆ ಕಣ್ಣು ಕೊಡುತ್ತದೆ. ಮುನಿಗಳು ಓಡುವುದನ್ನು ಯಾರೂ ಕಂಡಿಲ್ಲ. ಗ್ರೀಕ್ ಆಚಾರ್ಯ ಹೇಳಿದ, ಬೇಕೆಂದಾಗ ನಿಲ್ಲಬಲ್ಲ ನಡಿಗೆ ಅಂದರೆ ಇದೇ ತಾನೆ?

ಆವೇಶದ ಧಾತು 'ವಿಶ್', ಒಳಹೊಗು ಎಂದರ್ಥ. ಪ್ರವೇಶದಲ್ಲಿರುವುದೂ ಅದೇ. ಏನೋ ಒಂದು ನಮ್ಮೊಳಗೆ ಹೊಕ್ಕು ನಮ್ಮನ್ನು ಆಡಿಸುತ್ತದೆ ಎಂಬ ಕಲ್ಪನೆ, ಮೈಮೇಲೆ ಬಂದಂತೆ. 'ಆವೇಶದಲ್ಲಿ ಹೇಳಿಬಿಟ್ಟೆ' ಎನ್ನುವವನು ಹೇಳಿದ್ದು ತಾನಲ್ಲ ಎನ್ನುತ್ತಿದ್ದಾನೆ. ಕರ್ಮಸಿದ್ಧಾಂತ ಓದಿದವರು ಈ ಜಾರಿಕೊಳ್ಳುವ ದಾರಿಯನ್ನು ಒಪ್ಪುವುದಿಲ್ಲ. ಕಷಾಯ ನಮ್ಮದೇ, ಮಾತೂ ನಮ್ಮದೇ.

ವೇಗದ ಮನೆತನ

ಈಗ ಮುಖ್ಯ ಧಾತುವಿಗೆ ಬರೋಣ. ವೇಗ, ಆವೇಗ, ಉದ್ವೇಗ, ಉದ್ವಿಗ್ನ, ಸಂವೇಗ ಎಲ್ಲಕ್ಕೂ ಮೂಲ 'ವಿಜ್'. ಪಾಣಿನೀಯ ಧಾತುಪಾಠ ಇದಕ್ಕೆ ಭಯ ಮತ್ತು ಚಲನೆ ಎಂಬ ಎರಡು ಅರ್ಥಗಳನ್ನು ಕೊಡುತ್ತದೆ. ಬೆಚ್ಚಿದ ಜಿಂಕೆಯನ್ನು ನೆನೆಸಿಕೊಳ್ಳಿ. ಮೊದಲು ಮೈ ನಡುಗುತ್ತದೆ, ಮರುಕ್ಷಣ ಓಡುತ್ತದೆ. ಆ ನಡುಕ ಮತ್ತು ಓಟ ಎರಡೂ ಸೇರಿ ವಿಜ್. ಲ್ಯಾಟಿನ್ನಿನ ನೂಕಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ನೂಕು ಇನ್ನೊಬ್ಬರು ಕೊಡುವುದು. ನಡುಕ ಒಳಗೆ ಏಳುವುದು.

ಉಪಸರ್ಗ ಬದಲಾದಂತೆ ದಿಕ್ಕು ಬದಲಾಗುತ್ತದೆ. ಉದ್ವೇಗದಲ್ಲಿ ನಡುಕ ಮೇಲಕ್ಕೇರಿ ತಲೆಗೆ ಹತ್ತುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯಂತೆ. ಗುಜರಾತಿ, ಮಾರವಾಡಿ ಬಂಧುಗಳ ಪಂಚಾಂಗದ ಚೌಘಡಿಯಾದಲ್ಲಿ ಉದ್ವೇಗ ಎಂಬ ಹೊತ್ತೇ ಇದೆ. ಭಾನುವಾರದ ಹಗಲು ಅದರಿಂದಲೇ ಆರಂಭವಾಗುತ್ತದೆ, ಆ ಹೊತ್ತಿನಲ್ಲಿ ಹೊಸ ವ್ಯವಹಾರ ಬೇಡ ಎನ್ನುತ್ತಾರೆ. ಪಂಚಾಂಗ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಉದ್ವೇಗದಲ್ಲಿರುವಾಗ ವ್ಯವಹಾರ ಬೇಡ ಎಂಬುದು ಮಾತ್ರ ಯಾವ ವಾರಕ್ಕೂ ಸರಿಯೇ. ಆವೇಗದಲ್ಲಿ ಆ ನಡುಕ ಕೈಗೆ, ಬಾಯಿಗೆ ಇಳಿದು ಕೆಲಸ ಮಾಡಿಬಿಡುತ್ತದೆ. ಇಂಗ್ಲಿಷಿನ ಇಂಪಲ್ಸ್‌ಗೆ ಅತಿ ಹತ್ತಿರದ್ದು ಇದೇ.

ಆಯುರ್ವೇದದಲ್ಲಿ ವೇಗ ಎಂಬುದು ಪಾರಿಭಾಷಿಕ ಪದ. ವಿಷವೇಗ ಎಂದರೆ ವಿಷ ಮೈಯಲ್ಲಿ ಏರುವ ಹಂತ. ಸುಶ್ರುತ ಸಂಹಿತೆ ಹಾವಿನ ವಿಷಕ್ಕೆ ಅಂಥ 7 ಹಂತಗಳನ್ನು ಹೇಳುತ್ತದೆ. ಆದರೆ ನಮಗೆ ಹೆಚ್ಚು ಉಪಯೋಗದ ವಿಚಾರ ಚರಕ ಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯದಲ್ಲಿದೆ. ಅಲ್ಲಿ ವೇಗಗಳನ್ನು ಎರಡು ಪಾಲು ಮಾಡಿದ್ದಾರೆ. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ದಣಿವಿನ ಏದುಸಿರು ಈ 13 ವೇಗಗಳನ್ನು ತಡೆಯಬಾರದು, ತಡೆದರೆ ಕಾಯಿಲೆ. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜೆ, ಈರ್ಷ್ಯೆ, ಅತಿರಾಗ, ಪರರ ಸ್ವತ್ತಿನ ಆಸೆ ಇವುಗಳ ವೇಗವನ್ನು ತಡೆಯಬೇಕು. ಮನಸ್ಸು, ಮಾತು, ಮೈ ಈ ಮೂರರ ಕೆಟ್ಟ ವೇಗಗಳು ಎಂದು ಅಲ್ಲಿ ವಿಂಗಡಣೆ. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಕೇಳಿ ಬಲ್ಲ ನಮಗೆ ಇದು ಪರಿಚಿತ ದಾರಿ.

ನಾವು ಇದನ್ನು ತಿರುಗಾಮುರುಗಾ ಮಾಡುತ್ತೇವೆ ಎಂಬುದೇ ನನ್ನ ತಕರಾರು. ಅಳುವ ಗಂಡುಮಗುವಿಗೆ 'ಅಳಬೇಡ' ಎಂದು ಗದರುತ್ತೇವೆ, ಅದೇ ಮಗು ತಮ್ಮನಿಗೆ ಹೊಡೆದರೆ ನಕ್ಕು ಸುಮ್ಮನಾಗುತ್ತೇವೆ. ದೊಡ್ಡ ಪೂಜೆ, ಪಂಚಕಲ್ಯಾಣಗಳ ಪೆಂಡಾಲಿನಲ್ಲಿ ನಾಲ್ಕಾರು ಗಂಟೆ ಕೂತ ಹಿರಿಯರು, ಅದರಲ್ಲೂ ಹೆಂಗಸರು, ಸಂಕೋಚದಿಂದ ಮೂತ್ರ ತಡೆದು ಕೂರುವುದನ್ನು ಸ್ವಯಂಸೇವಕರೆಲ್ಲರೂ ಕಂಡಿದ್ದೇವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ಶೌಚಾಲಯಕ್ಕೆ ಹೋಗುವ ದಾರಿಯ ಬೋರ್ಡನ್ನು ಪೆಂಡಾಲಿನ ಒಳಗಿನಿಂದ ಕಾಣುವಂತೆ ಹಾಕುವುದೂ ಒಂದು ಸೇವೆ. 'ಹಸಿವು ತಡೆಯಬಾರದು ಎಂದರೆ ಉಪವಾಸ?' ಎಂದು ಕೇಳುವವರಿದ್ದಾರೆ. ಉಪವಾಸಕ್ಕೆ ಹಿಂದಿನ ದಿನದಿಂದಲೇ ಸಿದ್ಧತೆ ಇದೆ, ಪ್ರತ್ಯಾಖ್ಯಾನ ಇದೆ, ಶಕ್ತಿಗೆ ತಕ್ಕಷ್ಟು ಎಂಬ ಮಿತಿ ಇದೆ. ಬಂದ ವೇಗವನ್ನು ನಾಚಿಕೆಗಾಗಿ ಅದುಮುವುದು ಬೇರೆ, ಇದು ಬೇರೆ. ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಮಾಡಬೇಕು.

ವೈಶೇಷಿಕರ ಇನ್ನೊಂದು ಮಾತು ಇಲ್ಲಿ ಹೇಳಬೇಕು. ಬಿಲ್ಲಿನಿಂದ ಬಿಟ್ಟ ಬಾಣ ಹಗ್ಗ ಬಿಟ್ಟ ಮೇಲೂ ಹೋಗುತ್ತಲೇ ಇರುತ್ತದೆಯಲ್ಲ, ಏಕೆ? ಅದರೊಳಗೆ ವೇಗ ಎಂಬ ಸಂಸ್ಕಾರ ಉಳಿದಿರುತ್ತದೆ ಎಂದು ಅವರ ಉತ್ತರ. ಮನಸ್ಸಿನಲ್ಲಿ ಹಳೆಯ ಅನುಭವ ಉಳಿಯುವುದಕ್ಕೆ ಭಾವನಾ, ಬಗ್ಗಿಸಿದ ಕೊಂಬೆ ಹಿಂದಕ್ಕೆ ಬರುವುದಕ್ಕೆ ಸ್ಥಿತಿಸ್ಥಾಪಕ. ಈ ಮೂರೂ ಸಂಸ್ಕಾರದ ಬಗೆಗಳೇ. ಬಾಣದ ಓಟ ಮತ್ತು ಮನಸ್ಸಿನ ನೆನಪು ಒಂದೇ ತಲೆಬರಹದ ಕೆಳಗೆ! ವಿಜ್ಞಾನದ ಕನ್ನಡ ಪಾರಿಭಾಷಿಕ ಪದ ಮಾಡಿದವರು ಈ ಹಳೆಯ ಬಾಗಿಲನ್ನೇ ತಟ್ಟಿದ್ದಾರೆ. ಮೊಮೆಂಟಮ್ ಎಂದರೆ ಸಂವೇಗ, ಅಂದರೆ ವಸ್ತುವಿನ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ. ಇಂಪಲ್ಸ್ ಎಂದರೆ ಆವೇಗ, ಅಂದರೆ ಬಲ ಮತ್ತು ಅದು ತಾಗಿದ ಕಾಲದ ಗುಣಲಬ್ಧ. ಆವೇಗ ಎಷ್ಟೋ, ಸಂವೇಗದ ಬದಲಾವಣೆ ಅಷ್ಟು. ಕ್ಯಾಚು ಹಿಡಿಯುವ ಆಟಗಾರ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದಕ್ಕೇ. ಚೆಂಡು ನಿಲ್ಲುವ ಕಾಲವನ್ನು ಉದ್ದ ಮಾಡಿದರೆ ಕೈಗೆ ಬೀಳುವ ಪೆಟ್ಟು ಕಡಿಮೆ. ಬೈಗುಳ ಕೇಳಿಸಿಕೊಳ್ಳುವಾಗಲೂ ಈ ಸೂತ್ರ ಕೆಲಸ ಮಾಡುತ್ತದೆ.

ಶಾಸ್ತ್ರದಲ್ಲಿ ಸಂವೇಗ

'ಸಂ' ಎಂದರೆ ಚೆನ್ನಾಗಿ, ಒಟ್ಟಾಗಿ. ಚದುರಿದ ನಡುಕವೆಲ್ಲ ಒಂದೇ ದಿಕ್ಕಿಗೆ ಕೂಡಿಕೊಂಡರೆ ಅದು ಸಂವೇಗ. ತತ್ತ್ವಾರ್ಥಸೂತ್ರದಲ್ಲಿ ಈ ಪದ ಎರಡು ಕಡೆ ಮುಖ್ಯವಾಗಿ ಬರುತ್ತದೆ. 6ನೇ ಅಧ್ಯಾಯದಲ್ಲಿ ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ 16 ಭಾವನೆಗಳ ನಡುವೆ, 7ನೇ ಅಧ್ಯಾಯದಲ್ಲಿ ಜಗತ್ತಿನ ಮತ್ತು ಶರೀರದ ಸ್ವಭಾವವನ್ನು ಚಿಂತಿಸುವುದರ ಫಲವಾಗಿ. ಸಮ್ಯಕ್ತ್ವದ ಲಕ್ಷಣಗಳಾದ ಪ್ರಶಮ, ಸಂವೇಗ, ನಿರ್ವೇದ, ಅನುಕಂಪೆ, ಆಸ್ತಿಕ್ಯಗಳಲ್ಲಿ ಇದು ಎರಡನೆಯದು. ಅಲ್ಲಿರುವ ನಿರ್ವೇದ ಮಾತ್ರ ವಿಜ್ ಧಾತುವಿನದಲ್ಲ, 'ವಿದ್' ಧಾತುವಿನದು. ಪ್ರಾಸ ಕೇಳಿ ಮೋಸ ಹೋಗಬಾರದು.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸಂವೇಗವನ್ನು ಸಂಸಾರದ ದುಃಖದ ಬಗೆಗಿನ ಎಡೆಬಿಡದ ಭಯ ಎಂದು ವಿವರಿಸಿದ್ದಾರೆ. ಶ್ವೇತಾಂಬರ ವ್ಯಾಖ್ಯಾನಗಳಲ್ಲಿ ಮೋಕ್ಷದ ಅಭಿಲಾಷೆ ಎಂಬ ವಿವರಣೆ ಪ್ರಸಿದ್ಧ. ಎರಡನ್ನೂ ಬೇರೆಬೇರೆ ಎಂದುಕೊಳ್ಳುವವರು ಮತ್ತೊಮ್ಮೆ ಧಾತುಪಾಠ ನೋಡಬೇಕು. ಭಯ ಮತ್ತು ಚಲನೆ. ಒಬ್ಬರು ಜಿಂಕೆಯ ನಡುಕವನ್ನು ಹೇಳಿದರು, ಇನ್ನೊಬ್ಬರು ಅದು ಓಡುವ ದಿಕ್ಕನ್ನು ಹೇಳಿದರು. ಪೂಜ್ಯಪಾದರು ಸ್ವತಃ ಜೈನೇಂದ್ರ ವ್ಯಾಕರಣ ಬರೆದ ವೈಯಾಕರಣರು, ಪದದ ಬೇರು ಅವರಿಗೆ ಗೊತ್ತಿಲ್ಲದ್ದೇನಲ್ಲ. ಪ್ರಾಕೃತದಲ್ಲೂ ಪದ ಹೀಗೇ ಉಳಿದಿದೆ. ಉತ್ತರಾಧ್ಯಯನ ಸೂತ್ರದ 29ನೇ ಅಧ್ಯಯನದಲ್ಲಿ 73 ವಿಷಯಗಳ ಬಗ್ಗೆ ಪ್ರಶ್ನೋತ್ತರ ಬರುತ್ತದೆ, ಮೊದಲನೆಯ ಪ್ರಶ್ನೆಯೇ ಸಂವೇಗದ್ದು. 11ನೇ ಶತಮಾನದಲ್ಲಿ 'ಸಂವೇಗರಂಗಶಾಲಾ' ಎಂಬ ಪ್ರಾಕೃತ ಗ್ರಂಥವನ್ನೇ ಜಿನಚಂದ್ರಸೂರಿಗಳು ರಚಿಸಿದರು. ಬೌದ್ಧರ ಪಾಲಿಯಲ್ಲೂ ಸಂವೇಗ ಇದೆ. ಕಲಾವಿಮರ್ಶಕ ಆನಂದ ಕುಮಾರಸ್ವಾಮಿಯವರು 1943ರಲ್ಲಿ ಅದರ ಮೇಲೆ ಒಂದು ಪ್ರಬಂಧ ಬರೆದು, ಕಲೆಯನ್ನು ಕಂಡಾಗ ಆಗುವ ಆಘಾತಕ್ಕೂ ಆ ಪದವನ್ನು ಅನ್ವಯಿಸಿದರು.

ಕನ್ನಡದಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ನೋಡಬೇಕಾದರೆ ಕ್ರಿ.ಶ. 941ರ ಪಂಪನ ಆದಿಪುರಾಣಕ್ಕೆ ಹೋಗಬೇಕು. ವೃಷಭದೇವನ ಸಭೆಯಲ್ಲಿ ನೀಲಾಂಜನೆ ಕುಣಿಯುತ್ತಿದ್ದಾಳೆ. ಕುಣಿತದ ನಡುವೆಯೇ ಅವಳ ಆಯುಷ್ಯ ಮುಗಿಯುತ್ತದೆ. ರಸಭಂಗವಾಗಬಾರದೆಂದು ಇಂದ್ರ ಕ್ಷಣದಲ್ಲೇ ಅವಳಂಥದೇ ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ವೃಷಭದೇವನಿಗೆ ಗೊತ್ತಾಗುತ್ತದೆ. ಇಡೀ ಸಭೆಗೆ ತಾಳವೇ ತಪ್ಪಲಿಲ್ಲ, ಒಬ್ಬನಿಗೆ ಮಾತ್ರ ಜಗತ್ತೇ ನಡುಗಿತು.

ಅದೇ ಕಾವ್ಯದ ಭರತ-ಬಾಹುಬಲಿ ಪ್ರಸಂಗದಲ್ಲಿ ಆವೇಗ ಸಂವೇಗಗಳು ಎದುರುಬದುರು ನಿಲ್ಲುತ್ತವೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋತ ಭರತ ಸಿಟ್ಟು ತಡೆಯಲಾರದೆ ತಮ್ಮನ ಮೇಲೆ ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಅದು ಆವೇಗ. ಚಕ್ರ ಬಾಹುಬಲಿಯನ್ನು ಕೊಲ್ಲದೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಗೆದ್ದ ಬಾಹುಬಲಿಗೆ ಅದೇ ಕ್ಷಣ ರಾಜ್ಯದ ಮೇಲೆ ಹೇಸಿಗೆ ಹುಟ್ಟುತ್ತದೆ. ಅದು ಸಂವೇಗ. ಇಬ್ಬರಿಗೂ ಒಂದೇ ಕಣ, ಒಂದೇ ಹೊತ್ತು, ಇಬ್ಬರ ಮೈಯಲ್ಲೂ ಕುಸ್ತಿಯ ಕಾವು ಇನ್ನೂ ಆರಿಲ್ಲ. ಆದ್ದರಿಂದ ಸಂವೇಗ ಎಂದರೆ ನಿಧಾನವಾಗಿ ಬರುವುದು, ಆವೇಗ ಎಂದರೆ ತಟ್ಟನೆ ಬರುವುದು ಎಂಬ ವಿವರಣೆ ಸರಿಯಲ್ಲ. ಎರಡೂ ತಟ್ಟನೆ ಬರಬಹುದು. ಮುಂದೆ ಏನಾಯಿತು ಎಂದು ನೋಡಬೇಕು. ಭರತನಿಗೆ ಸ್ವಲ್ಪ ಹೊತ್ತಿನಲ್ಲೇ ನಾಚಿಕೆಯಾಯಿತು. ಬಾಹುಬಲಿ ಒಂದು ವರ್ಷ ನಿಂತ.

ಕಷಾಯಗಳ ವಿಚಾರದಲ್ಲೂ ಶಾಸ್ತ್ರ ಇದೇ ಲೆಕ್ಕ ಹಿಡಿಯುತ್ತದೆ. ಕ್ರೋಧಕ್ಕೆ ನಾಲ್ಕು ಉಪಮೆ: ಕಲ್ಲಿನ ಗೆರೆ, ನೆಲದ ಬಿರುಕು, ಮರಳಿನ ಗೆರೆ, ನೀರಿನ ಗೆರೆ. ಸಿಟ್ಟು ಬಂತೋ ಇಲ್ಲವೋ ಎನ್ನುವುದಕ್ಕಿಂತ ಅದರ ಗುರುತು ಎಷ್ಟು ದಿನ ಉಳಿಯಿತು ಎಂಬುದು ಅಲ್ಲಿಯ ಪ್ರಶ್ನೆ. ಗೊಮ್ಮಟಸಾರದ ಪ್ರಕಾರ ಸಂಜ್ವಲನದ ವಾಸನೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು 6 ತಿಂಗಳು, ಅನಂತಾನುಬಂಧಿಯದು ಅದಕ್ಕೂ ಆಚೆ. ಒಂದು ಮುಹೂರ್ತ ಎಂದರೆ 48 ನಿಮಿಷ, ಒಂದು ಸಾಮಾಯಿಕದ ಅವಧಿ. ಆಸ್ತಿ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟು ತಿಂಗಳಾಯಿತು ಎಂದು ಎಣಿಸಿದರೆ ಯಾವ ಗೆರೆ ಎಂದು ಅವರಿಗೇ ತಿಳಿಯುತ್ತದೆ.

ಕನ್ನಡದ ಸ್ವಂತ ಮಾತು

ಸಂಸ್ಕೃತದ ಹಂಗಿಲ್ಲದೆಯೂ ಕನ್ನಡ ಇದನ್ನು ಚೆನ್ನಾಗಿ ಹೇಳುತ್ತದೆ. ದುಡುಕು ಎಂಬ ಪದಕ್ಕೆ ಸಮನಾದದ್ದು ನನಗೆ ಬೇರೆ ಕಡೆ ಕಂಡಿಲ್ಲ. ಇಂಪಲ್ಸಿವ್ ಹುಡುಗನನ್ನು ಹಳಬರು 'ಸ್ವಲ್ಪ ದುಡುಕು ಸ್ವಭಾವ' ಎನ್ನುತ್ತಿದ್ದರು, ಅಷ್ಟರಲ್ಲೇ ಎಲ್ಲ ಬಂತು. ಹುಕಿ ಬಂತು ಎಂದರೆ ಕಾರಣವಿಲ್ಲದ ಉತ್ಸಾಹ, ಅದರಲ್ಲಿ ಕೆಡುಕಿಲ್ಲ. ತುಡಿತ ಎಂದರೆ ಒಳಗೇ ಮಿಡಿಯುವುದು, ಇನ್ನೂ ಕೆಲಸವಾಗಿ ಹೊರಬಿದ್ದಿಲ್ಲ. ಬೆಳಗಾವಿ ಕಡೆಯ ನಮ್ಮ ಬಂಧುಗಳ ಮನೆಗಳಲ್ಲಿ ಕೇಳುವ ಮರಾಠಿಯ 'ಊರ್ಮಿ', ನಾವು ಹೇಳುವ 'ಲಹರಿ' ಎರಡಕ್ಕೂ ಅಲೆ ಎಂದರ್ಥ. ಗುಜರಾತಿಯಲ್ಲಿ ಭಾವಗೀತೆಗೆ ಊರ್ಮಿಕಾವ್ಯ ಎಂದೇ ಹೆಸರು. ನೂಕು, ನಡುಕ, ಅಲೆ ಎಂದು ಒಂದೊಂದು ಜನ ಒಂದೊಂದು ರೀತಿ ಕಂಡಿದ್ದಾರೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆ ಇವೆಲ್ಲಕ್ಕಿಂತ ಹಳೆಯದಿರಬಹುದು.

ಕೋರ್ಟಿನಲ್ಲಿ, ಪೆಂಡಾಲಿನಲ್ಲಿ

ಪದದ ವ್ಯತ್ಯಾಸಕ್ಕೆ ಬೆಲೆ ಬರುವುದು ಅದರ ಮೇಲೆ ತೀರ್ಪು ನಿಂತಾಗ. ತೀವ್ರವೂ ಹಠಾತ್ತೂ ಆದ ಪ್ರಚೋದನೆಯಿಂದ ಹತೋಟಿ ತಪ್ಪಿ ಮಾಡಿದ ಹತ್ಯೆಯನ್ನು ಕೊಲೆಯಿಂದ ಬೇರ್ಪಡಿಸುವ ವಿನಾಯಿತಿ ನಮ್ಮ ದಂಡಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. 1959ರಲ್ಲಿ ಮುಂಬಯಿಯಲ್ಲಿ ನಡೆದ ನಾನಾವತಿ ಪ್ರಕರಣದಲ್ಲಿ ನೌಕಾದಳದ ಅಧಿಕಾರಿ ಇದೇ ವಿನಾಯಿತಿ ಕೇಳಿದರು. ವಿಷಯ ತಿಳಿದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು 3 ಗಂಟೆ ಕಳೆದಿತ್ತು, ಮನಸ್ಸು ಹತೋಟಿಗೆ ಬರಲು ಅಷ್ಟು ಸಾಕಿತ್ತು ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿ ವಿನಾಯಿತಿ ಕೊಡಲಿಲ್ಲ. ಆವೇಗಕ್ಕೆ ಆಯುಷ್ಯ ಉಂಟು ಎಂಬ ಮಾತು ಗೊಮ್ಮಟಸಾರದಲ್ಲೂ ಇದೆ, ಕೋರ್ಟಿನಲ್ಲೂ ಇದೆ.

ಸಲ್ಲೇಖನದ ವಿಚಾರದಲ್ಲಿ ನಮಗೆಲ್ಲರಿಗೂ ಇದರ ಬಿಸಿ ತಟ್ಟಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಇದು ಆತ್ಮವಧೆಯಲ್ಲವೇ ಎಂಬ ಪ್ರಶ್ನೆಯನ್ನು ಪೂಜ್ಯಪಾದರು ಅಷ್ಟು ಹಿಂದೆಯೇ ಎತ್ತಿಕೊಂಡಿದ್ದರು. ರಾಗದ್ವೇಷ ಮೋಹಗಳಿಗೆ ವಶನಾಗಿ ಪ್ರಾಣ ಬಿಡುವವನದು ಆತ್ಮವಧೆ, ಇಲ್ಲಿ ಅವಿಲ್ಲ ಎಂಬುದು ಅವರ ಉತ್ತರದ ತಾತ್ಪರ್ಯ. ಅಂದರೆ ಸಂಕಟದ ಆವೇಗದಲ್ಲಿ ಜೀವಕ್ಕೆ ಕೈ ಹಾಕುವುದಕ್ಕೆ ಶಾಸ್ತ್ರ ಎಂದೂ ಒಪ್ಪಿಗೆ ಕೊಟ್ಟಿಲ್ಲ. ಈ ವ್ಯತ್ಯಾಸವನ್ನು ಹೊರಗಿನವರಿಗೆ ವಿವರಿಸುವಾಗ ಎರಡು ಪದಗಳನ್ನು ಕಲಸಿಬಿಟ್ಟರೆ ನಮ್ಮ ವಾದವನ್ನು ನಾವೇ ಕೆಡಿಸಿದಂತೆ. ನಮ್ಮ ಮನೆಯ ಮಕ್ಕಳು ಪರೀಕ್ಷೆ, ಸಾಲ, ಪ್ರೇಮ ಎಂದು ಅಂಥ ಆವೇಗದ ಅಂಚಿಗೆ ಬಂದಾಗ ಬೇಕಾದದ್ದು ಪಕ್ಕದಲ್ಲಿ ಕೂರುವ ಜನ, ಹೊತ್ತು, ವೈದ್ಯರ ಸಹಾಯ. ಪ್ರವಚನ ಆಮೇಲೆ.

ಇದಕ್ಕಿಂತ ಹಗುರವಾದ, ಆದರೆ ಪ್ರತಿ ಊರಿನಲ್ಲೂ ನಡೆಯುವ ಇನ್ನೊಂದು ಇದೆ: ಕಲಶದ ಬೋಲಿ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಪಕ್ಕದವರು ಒಂದು ಮೆಟ್ಟಿಲು ಏರಿಸುತ್ತಾರೆ, ಇವರು ಎರಡು ಮೆಟ್ಟಿಲು. ಚಪ್ಪಾಳೆ. ಆಮೇಲೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವವರು ನಮ್ಮಂಥವರು. ಪಂಚಕಲ್ಯಾಣ ಮುಗಿದು ವರ್ಷವಾದರೂ ಫೋನು ಎತ್ತದವರುಂಟು. ಅವರು ಕೆಟ್ಟವರಲ್ಲ, ಆ ಹೊತ್ತಿನ ಆವೇಗಕ್ಕೆ ಕೈ ಎತ್ತಿದವರು. ಬೋಲಿಯಲ್ಲಿ ಬಾಯೇ ಬಿಡದೆ, ಮರುದಿನ ಬೆಳಿಗ್ಗೆ ಅಭಿಷೇಕ ಮುಗಿಸಿ ಕಚೇರಿಗೆ ಬಂದು, ತಮ್ಮ ಯೋಗ್ಯತೆಯಷ್ಟು ಎಣಿಸಿ ಕೊಟ್ಟು, ಹೆಸರು ಕೂಗಬೇಡಿ ಎಂದು ಹೇಳಿ ಹೋಗುವವರೂ ಉಂಟು. ಹಿಂದಿನ ರಾತ್ರಿ ಅವರಿಗೂ ಮನಸ್ಸು ಕಲಕಿರುತ್ತದೆ, ಬೆಳಗಾದರೂ ಅದು ಇಳಿದಿರುವುದಿಲ್ಲ. ರಾತ್ರಿ ಕೂಗಿದ ಬೋಲಿಯನ್ನು ಮರುದಿನ ಬೆಳಿಗ್ಗೆ ಬರೆಸಿ ಖಚಿತ ಮಾಡಬೇಕು ಎಂಬ ಪದ್ಧತಿ ಇಟ್ಟರೆ ಕೂಗಿದ ಮೊತ್ತ ಕಡಿಮೆಯಾಗಬಹುದು, ಬಂದ ಮೊತ್ತ ಹೆಚ್ಚಾಗುತ್ತದೆ ಎಂದು ವ್ಯಾಪಾರಿಯಾಗಿ ನನ್ನ ಅಂದಾಜು. ಸಭೆಯಲ್ಲಿ ವ್ರತ ಸ್ವೀಕಾರ ಮಾಡಿಸುವಾಗಲೂ ಇದು ಅನ್ವಯಿಸುತ್ತದೆ. ಗಲ್ಲಾದ ಪಕ್ಕದ ಚಾಕಲೇಟಿಗೂ ಮೈಕಿನ ಪಕ್ಕದ ಬೋಲಿಗೂ ತಂತ್ರ ಒಂದೇ ಎಂದರೆ ಯಾರೂ ಸಿಟ್ಟಾಗಬಾರದು.

ಪಾಠಶಾಲೆಯ ಅಧ್ಯಾಪಕರಿಗೆ

ಇಂಪಲ್ಸ್‌ಗೆ ಒಂದೇ ಕನ್ನಡ ಪದ ಹುಡುಕುವ ಅಗತ್ಯವಿಲ್ಲ. ಭೌತಶಾಸ್ತ್ರದಲ್ಲಿ ಮತ್ತು ನರದ ವಿಷಯದಲ್ಲಿ ಆವೇಗ ಎಂದು ಪುಸ್ತಕದಲ್ಲಿರುವಂತೆ ಹೇಳಿ. ನಡತೆಯ ಮಾತಿಗೆ ದುಡುಕು ಸಾಕು. ಒಳಗಿನ ಒಳ್ಳೆಯ ಸೆಳೆತಕ್ಕೆ ತುಡಿತ ಅಥವಾ ಪ್ರೇರಣೆ, ಹೊರಗಿನವರು ಕೆರಳಿಸಿದ್ದಕ್ಕೆ ಪ್ರಚೋದನೆ. ಸಂವೇಗವನ್ನು ಮಾತ್ರ ಇಂಪಲ್ಸ್ ಎಂದು ಅನುವಾದಿಸಬೇಡಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಸಂವೇಗ ಎಂದೇ ಹೇಳಿ, ಜಿಂಕೆಯ ಉದಾಹರಣೆ ಕೊಡಿ. ಹಿಂದಿ ಪುಸ್ತಕಗಳನ್ನು ನೋಡಿ ಪಾಠ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು. ಹಿಂದಿಯ ಮನೋವಿಜ್ಞಾನದಲ್ಲಿ ಸಂವೇಗ ಎಂದರೆ ಕೋಪ, ಭಯ, ಸಂತೋಷ ಸೇರಿ ಯಾವುದೇ ಭಾವೋದ್ರೇಕ. ಹಾಗಾಗಿ ಹಿಂದಿಯ ಶಿಕ್ಷಣಶಾಸ್ತ್ರದ ಪುಸ್ತಕದಲ್ಲಿ 'ಸಂವೇಗವನ್ನು ನಿಯಂತ್ರಿಸಬೇಕು' ಎಂಬ ವಾಕ್ಯ ಕಂಡರೆ ಅದು ಷೋಡಶಕಾರಣದ ಸಂವೇಗವಲ್ಲ. ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ಭಾನುವಾರದ ತರಗತಿಯಲ್ಲಿ ಬರೆಸಬಾರದು.